ಅಂಗೈಯಗಲದ ಗಣಕದಲ್ಲಿ ಮಾರಿಯೋ ಮರುಜನ್ಮ

ತೊಂಬತ್ತರ ದಶಕದ ಬೇಸಿಗೆ ರಜೆಗಳನ್ನು ಕಂಡವರಿಗೆ ಹಳದಿ ಬಣ್ಣದ ಆ ಕ್ಯಾಸೆಟ್ಟಿನ ನೆನಪಿರಲೇಬೇಕು. ಚಿತ್ರ ಮೂಡದಿದ್ದರೆ ಹೊರತೆಗೆದು, ಬಾಯಿಂದ ಊದಿ, ಮತ್ತೆ ತುರುಕಿದರೆ ಮಾರಿಯೋ ಓಡತೊಡಗುತ್ತಿದ್ದ. (ಊದಿದ್ದರಿಂದ ಲಾಭವೇನೂ ಇರಲಿಲ್ಲ, ಮತ್ತೆ ತುರುಕಿದಾಗ ಲೋಹದ ಸಂಪರ್ಕ ಸರಿಹೋಗುತ್ತಿತ್ತು, ಅಷ್ಟೆ.) ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ‘ಫ್ಯಾಮಿಕಾಂ’ ಯಂತ್ರದ ನಕಲುಗಳೇ ಇಲ್ಲಿ ‘ಟಿವಿ ಗೇಮ್’ ಎನಿಸಿಕೊಂಡಿದ್ದವು. ಅವು ಗುಜರಿ ಸೇರಿ ವರ್ಷಗಳೇ ಕಳೆದಿವೆ. ಆದರೆ ಆ ಆಟಗಳನ್ನು ಮತ್ತೆ ಆಡಿಸಬಲ್ಲ ಪೆಟ್ಟಿಗೆಯನ್ನು ಮನೆಯಲ್ಲೇ ಒಂದು ಸಂಜೆಯಲ್ಲಿ ಸಿದ್ಧಪಡಿಸಿಕೊಳ್ಳುವುದು ಇಂದು ಸಾಧ್ಯ.

ಇದಕ್ಕೆ ಆಧಾರ ‘ರಾಸ್ಪ್‌ಬೆರಿ ಪೈ’ ಎಂಬ ಒಂದೇ ಹಲಗೆಯ ಪುಟ್ಟ ಗಣಕ. ಬ್ರಿಟನ್ನಿನ ಕೇಂಬ್ರಿಡ್ಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶದಿಂದ ರೂಪಿಸಿದ ಇದು 2012ರ ಫೆಬ್ರವರಿ 29ರಂದು 35 ಡಾಲರ್ ಬೆಲೆಯಲ್ಲಿ ಮಾರುಕಟ್ಟೆಗೆ ಬಂತು. ಪಾಠಕ್ಕೆಂದು ಹುಟ್ಟಿದ್ದು ಆಟಕ್ಕೆ ಒದಗಿದ್ದು ಸೋಜಿಗವೇನಲ್ಲ.

ಹಳೆಯ ಯಂತ್ರದ ಸಂಸ್ಕಾರಕದ ಭಾಷೆ ಪೈಗೆ ಅರ್ಥವಾಗದು. ಇಲ್ಲಿ ‘ಎಮ್ಯುಲೇಟರ್’ ಎಂಬ ತಂತ್ರಾಂಶ ದುಭಾಷಿಯ ಪಾತ್ರ ವಹಿಸುತ್ತದೆ. ಆಟದ ಒಂದೊಂದು ಆದೇಶವನ್ನೂ ಓದಿ, ಮೂಲ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಮಾಡಿ ತೋರಿಸುತ್ತದೆ. ಕೇವಲ ಲೆಕ್ಕ ಮಾಡಿದರೆ ಸಾಲದು. ಚಿತ್ರದ ಚಿಪ್ಪು, ಧ್ವನಿಯ ವಿಭಾಗ ಎಲ್ಲವನ್ನೂ ತಾಳ ತಪ್ಪದಂತೆ ಅನುಕರಿಸಬೇಕು. ಆದ್ದರಿಂದಲೇ ಸೆಕೆಂಡಿಗೆ ಸುಮಾರು 18 ಲಕ್ಷ ಆವರ್ತಗಳ ಫ್ಯಾಮಿಕಾಂ ಅನುಕರಣೆಗೆ ಅದಕ್ಕಿಂತ ಹಲವು ಪಟ್ಟು ವೇಗದ ಯಂತ್ರ ಬೇಕು. 2016ರ ಪೈ 3 ಇದನ್ನು ನಿರಾಯಾಸವಾಗಿ ನಿಭಾಯಿಸುತ್ತದೆ. ಮೊದಲ ಪ್ಲೇಸ್ಟೇಷನ್ನಿನ ಆಟಗಳನ್ನೂ ಬಹುಮಟ್ಟಿಗೆ ಆಡಿಸುತ್ತದೆ. ನಿಂಟೆಂಡೊ 64ರ ಆಟಗಳಲ್ಲಿ ಮಾತ್ರ ಏದುಸಿರು ಬಿಡುತ್ತದೆ.

ಜೋಡಣೆ ಸರಳ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಹಲಗೆ, ಮೆಮೊರಿ ಕಾರ್ಡು, ಯುಎಸ್‌ಬಿ ಜಾಯ್‌ಸ್ಟಿಕ್ ಎಲ್ಲವೂ ದೊರೆಯುತ್ತವೆ. ‘ರೆಟ್ರೋಪೈ’ ಎಂಬ ಉಚಿತ ತಂತ್ರಾಂಶವನ್ನು ಕಾರ್ಡಿಗೆ ಬರೆದು, ಟಿವಿಗೆ ಸಿಕ್ಕಿಸಿದರಾಯಿತು. 2022ರಲ್ಲಿ ಬಂದ ಅದರ 4.8 ಆವೃತ್ತಿಯ ಸಿದ್ಧ ಕಡತ ಪೈ 4ರವರೆಗಿನ ಹಲಗೆಗಳಿಗಾಗಿ ರೂಪುಗೊಂಡದ್ದು ಎಂಬುದು ಕೊಳ್ಳುವ ಮುನ್ನ ನೆನಪಿರಲಿ.

ಎಡವುವುದು ವಿದ್ಯುತ್ತಿನಲ್ಲಿ. ಮೊಬೈಲಿನ ಹಳೆಯ ಚಾರ್ಜರ್ ಸಿಕ್ಕಿಸಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡಿ, ಆಟ ಕುಂಟತೊಡಗುತ್ತದೆ. ಪೈ 4ಕ್ಕೆ 5 ವೋಲ್ಟಿನ, 3 ಆಂಪಿಯರ್ ಸಾಮರ್ಥ್ಯದ ಅಡಾಪ್ಟರೇ ಬೇಕು. ಇದಕ್ಕಿಂತ ದೊಡ್ಡ ಅಪಾಯ ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟು ಹೋಗುವುದು. ಕಡತಗಳು ಕೆಟ್ಟು, ಉಳಿಸಿದ್ದೆಲ್ಲ ಮಣ್ಣುಪಾಲಾಗಬಹುದು. ಕಾರ್ಡಿನ ಪ್ರತಿಯೊಂದನ್ನು ತೆಗೆದಿಡುವುದು ಜಾಣತನ. ಗುಂಡಿ ಒತ್ತಿದ ಕ್ಷಣಾರ್ಧದ ಬಳಿಕ ಮಾರಿಯೋ ನೆಗೆದರೆ ತಪ್ಪು ಪೈನದ್ದಲ್ಲದಿರಬಹುದು. ಟಿವಿಯ ‘ಗೇಮ್ ಮೋಡ್’ ಚಾಲೂ ಮಾಡಿ ನೋಡಬೇಕು.

ಇಷ್ಟಾದರೂ ಪೆಟ್ಟಿಗೆಯಲ್ಲಿ ಆಟಗಳಿರುವುದಿಲ್ಲ. ಕಗ್ಗಂಟಿರುವುದೇ ಇಲ್ಲಿ. ಎಮ್ಯುಲೇಟರ್ ತಯಾರಿಕೆ ತಪ್ಪಲ್ಲವೆಂಬ ನಿಲುವಿಗೆ ಅಮೆರಿಕದಲ್ಲಿ 2000ದಲ್ಲಿ ಸೋನಿ–ಕನೆಕ್ಟಿಕ್ಸ್ ಪ್ರಕರಣದ ತೀರ್ಪು ಬಲ ತಂದಿತು. ಆದರೆ ‘ರಾಮ್’ ಎಂದು ಕರೆಯಲಾಗುವ ಆಟದ ಕಡತಗಳ ಮೇಲೆ ಹಕ್ಕುಸ್ವಾಮ್ಯವಿದೆ. ಅಂಥವನ್ನು ಹಂಚಿದ ‘ರಾಮ್‌ಯೂನಿವರ್ಸ್’ ತಾಣದ ವಿರುದ್ಧ 2021ರಲ್ಲಿ ನಿಂಟೆಂಡೊ 21 ಲಕ್ಷ ಡಾಲರ್ ಪರಿಹಾರದ ಆದೇಶ ಪಡೆಯಿತು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿ, ಕ್ರಮಬದ್ಧವಾಗಿ ಹೊಂದಿರುವ ತಂತ್ರಾಂಶದ ಪ್ರತಿಯನ್ನು ನಾಶದಿಂದ ರಕ್ಷಣೆಗಾಗಿ ಮಾಡಿಕೊಳ್ಳಲು ಸೀಮಿತ ಅವಕಾಶವನ್ನಷ್ಟೇ ನೀಡುತ್ತದೆ. ‘ಹಳೆಯದಲ್ಲವೇ’ ಎಂಬ ಸಮಜಾಯಿಷಿಗೆ ಅಲ್ಲಿ ಜಾಗವಿಲ್ಲ. ಹಳದಿ ಕ್ಯಾಸೆಟ್ಟಂತೂ ಮೊದಲೇ ನಕಲು.

ಕೊಂಡು ಆಡೋಣವೆಂದರೆ ಅಂಗಡಿಯಲ್ಲಿ ಆಟವೇ ಇಲ್ಲ. 2010ಕ್ಕೆ ಮುನ್ನ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳ ಪೈಕಿ ಶೇ. 87ರಷ್ಟು ಮಾರಾಟದಲ್ಲಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್‌ನ 2023ರ ಅಧ್ಯಯನ ತಿಳಿಸಿತು. ಸಂಶೋಧಕರು ಗ್ರಂಥಾಲಯಗಳ ಸಂಗ್ರಹದ ಆಟಗಳನ್ನು ದೂರದಿಂದ ಬಳಸಲು ಅವಕಾಶ ಕೋರಿದ ಮನವಿಯನ್ನು ಅಲ್ಲಿನ ಕೃತಿಸ್ವಾಮ್ಯ ಕಚೇರಿ 2024ರಲ್ಲಿ ತಳ್ಳಿಹಾಕಿತು.

ಕಾನೂನಿನ ತಂಟೆಯಿಲ್ಲದೆ ಆಡಬಯಸುವವರಿಗೆ ಹಳೆಯ ಯಂತ್ರಗಳಿಗೆಂದೇ ಹವ್ಯಾಸಿಗಳು ಇಂದಿಗೂ ಬರೆಯುವ ಹೊಸ ಆಟಗಳಿವೆ. 2019ರಲ್ಲಿ ಬಂದ ‘ಮೈಕ್ರೋ ಮೇಜಸ್’ ಅಂಥದ್ದು. ನಾಲ್ವರು ಒಟ್ಟಿಗೆ ಆಡಬಹುದಾದ ಈ ಆಟದ ಗಾತ್ರ 40 ಕಿಲೋಬೈಟ್. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಷ್ಟೇ.