ಕಪ್ಪುಕುಳಿಯ ಸುತ್ತಣ ಕ್ಷ-ಕಿರಣಗಳ ಪ್ರತಿಧ್ವನಿ

ಬೆಟ್ಟದೆದುರು ನಿಂತು ಕೂಗಿದವನಿಗೆ ತನ್ನ ದನಿಯೇ ತುಸು ತಡೆದು ಮರಳಿ ಕೇಳಿಸುವುದು. ಆ ತಡವನ್ನು ಅಳೆದರೆ ಬೆಟ್ಟದ ದೂರವನ್ನು ತಿಳಿಯಬಹುದೆಂಬುದು ಎಲ್ಲರೂ ಬಲ್ಲ ಸಂಗತಿ. ಕಪ್ಪುಕುಳಿಗಳಲ್ಲಿ ಬಹುತೇಕ ಎಲ್ಲವೂ ದೂರದರ್ಶಕಕ್ಕೆ ಒಂದು ಬಿಂದುವಿಗಿಂತ ಹೆಚ್ಚಾಗಿ ತೋರವು. ಅವುಗಳ ನೆರೆಯನ್ನು ಅಳೆಯುವುದಕ್ಕೆ ಖಗೋಲಜ್ಞರು ಇದೇ ಉಪಾಯವನ್ನು ಕೈಕೊಂಡಿದ್ದಾರೆ. ಅದರ ಕ್ರಮವೇನು, ಫಲವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿಚಾರಿಸೋಣ.

ಕುಳಿಯತ್ತ ಸೆಳೆಯಲ್ಪಟ್ಟ ದ್ರವ್ಯವು ತನ್ನ ಭ್ರಮಣದ ದೆಸೆಯಿಂದ ನೇರವಾಗಿ ಬೀಳಲಾರದೆ, ತಟ್ಟೆಯಾಕಾರವಾಗಿ ಹರಡಿ ಸುತ್ತುತ್ತ ಒಳಸರಿಯುವುದು. ಕುಳಿಯ ಸಮೀಪದಲ್ಲಿ ‘ಕರೋನಾ’ ಎಂಬ ಅತ್ಯುಷ್ಣವಾದ ಎಲೆಕ್ಟ್ರಾನುಗಳ ಮೇಘವುಂಟು. ಅದರಿಂದ ಹೊರಟ ಕ್ಷ-ಕಿರಣಗಳಲ್ಲಿ ಕೆಲವು ನೇರವಾಗಿ ನಮ್ಮೆಡೆಗೆ ಬರುವುವು; ಕೆಲವು ತಟ್ಟೆಗೆ ತಗುಲಿ, ಅಲ್ಲಿನ ಕಬ್ಬಿಣದ ೬.೪ ಕಿಲೋ-ಎಲೆಕ್ಟ್ರಾನ್‌ವೋಲ್ಟಿನ ರೇಖೆಯ ಗುರುತನ್ನು ಹೊತ್ತು, ತಡವಾಗಿ ತಲಪುವುವು. ಈ ಎರಡನೆಯ ಬೆಳಕೇ ಪ್ರತಿಧ್ವನಿ.

೨೦೦೯ರಲ್ಲಿ ಫೇಬಿಯನ್ನರೂ ಅವರ ಸಂಗಡಿಗರೂ ೧ ಎಚ್ ೦೭೦೭–೪೯೫ ಎಂಬ ಗೆಲಾಕ್ಸಿಯಲ್ಲಿ ಸುಮಾರು ೩೦ ಸೆಕೆಂಡುಗಳ ತಡವನ್ನು ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹದ ನೆರವಿನಿಂದ ಕಂಡರು. ಇಲ್ಲಿ ಅಳತೆಗೋಲು ಕುಳಿಯ ಗುರುತ್ವ ತ್ರಿಜ್ಯ. ಸೂರ್ಯನಷ್ಟು ದ್ರವ್ಯರಾಶಿಗೆ ಅದು ಸುಮಾರು ೧.೫ ಕಿಲೋಮೀಟರು, ಬೆಳಕು ಅದನ್ನು ಸೆಕೆಂಡಿನ ೧೦ ಲಕ್ಷ ಪಾಲುಗಳಲ್ಲಿ ೫ ಪಾಲಿನಷ್ಟು ಕಾಲದಲ್ಲಿ ದಾಟುವುದು. ೨೦ ಲಕ್ಷ ಸೂರ್ಯರ ತೂಕದ ಕುಳಿಗಾದರೆ ೧೦ ಸೆಕೆಂಡು ಬೇಕು. ಆದುದರಿಂದ ತಡವು ಕುಳಿಯ ದ್ರವ್ಯರಾಶಿಯನ್ನೂ ಸೂಚಿಸಬಲ್ಲುದು.

ಆದರೆ ಅಳೆದ ತಡವನ್ನೇ ದೂರವೆಂದು ಭಾವಿಸಲಾಗದು. ಮೊದಲನೆಯದಾಗಿ, ನೇರ ಬೆಳಕೂ ಮರುಬೆಳಕೂ ಬೆರೆತೇ ಬರುವುದರಿಂದ, ತೋರುವ ತಡವು ನಿಜವಾದುದಕ್ಕಿಂತ ಕಡಿಮೆಯಾಗುವುದು. ಎರಡನೆಯದಾಗಿ, ತಟ್ಟೆಯ ಬೇರೆ ಬೇರೆ ಭಾಗಗಳ ಮರುಬೆಳಕು ಬೇರೆ ಬೇರೆ ಗಳಿಗೆಗಳಲ್ಲಿ ಬರುವುದು. ಮೂರನೆಯದಾಗಿ, ಗುರುತ್ವದಿಂದ ಕಿರಣಗಳ ಮಾರ್ಗವು ಬಾಗಿ, ಅವುಗಳಿಗೆ ಹೆಚ್ಚು ಕಾಲ ಹಿಡಿಯುವುದು. ಆದಕಾರಣ ಕರೋನಾದ ಎತ್ತರ, ತಟ್ಟೆಯ ಒಳ ಅಂಚು, ಅದರ ಓರೆ, ಕುಳಿಯ ಭ್ರಮಣ ಮತ್ತು ದ್ರವ್ಯರಾಶಿ, ಇವನ್ನು ಊಹಿಸಿಕೊಂಡು, ೧೯೬೩ರಲ್ಲಿ ಕೆರ್ ಅವರು ಕಂಡ ಸಮೀಕರಣ-ಪರಿಹಾರದಂತೆ ಒಂದೊಂದು ಕಿರಣದ ಜಾಡನ್ನೂ ಗಣಿಸಿ, ಒಂದು ಮಿಂಚಿಗೆ ಬರುವ ಮರುದನಿ ಎಂತಹುದೆಂದು ಗೊತ್ತುಮಾಡುವರು. ಅದು ವೀಕ್ಷಣೆಯೊಡನೆ ಹೊಂದುವವರೆಗೆ ಊಹೆಗಳನ್ನು ತಿದ್ದುವರು. ೨೦೧೯ರಲ್ಲಿ ಇಂಗ್ರಮ್ ಮೊದಲಾದವರು ಪ್ರಕಟಿಸಿದ ‘ರೆಲ್‌ಟ್ರಾನ್ಸ್’ ಇಂತಹ ಗಣನಕ್ರಮ.

ಇದರ ಕಷ್ಟವನ್ನು ೨೦೧೮ರ ಮಾರ್ಚಿಯಲ್ಲಿ ಪ್ರಜ್ವಲಿಸಿದ ಮ್ಯಾಕ್ಸಿ ಜೆ ೧೮೨೦+೦೭೦ ಎಂಬ ಕುಳಿಯಲ್ಲಿ ಕಾಣಬಹುದು. ಸುಮಾರು ೧೦,೦೦೦ ಜ್ಯೋತಿರ್ವರ್ಷ ದೂರದ ಇದರ ತಡವು ದಿನಕಳೆದಂತೆ ಕಿರಿದಾಯಿತು. ಕಬ್ಬಿಣದ ರೇಖೆಯ ಆಕಾರ ಹೆಚ್ಚು ಬದಲಾಗದ ಕಾರಣ, ಕುಗ್ಗಿದುದು ಕರೋನಾವೇ ಎಂದು ಕಾರಾ ಮತ್ತು ಸಹೋದ್ಯೋಗಿಗಳು ೨೦೧೯ರಲ್ಲಿ ನಿರ್ಣಯಿಸಿದರು. ತಟ್ಟೆಯ ಅಂಚೇ ಒಳಸರಿಯಿತೆಂದು ಡಿ ಮಾರ್ಕೊ ಮತ್ತು ಸಂಗಡಿಗರು ೨೦೨೧ರಲ್ಲಿ ವಾದಿಸಿದರು. ಕೂಗುವವನು ಬೆಟ್ಟದ ಬಳಿ ಸಾರಿದನೋ, ಬೆಟ್ಟವೇ ಅವನತ್ತ ಸರಿಯಿತೋ ಎಂಬುದನ್ನು ತಡವೊಂದೇ ಹೇಳಲಾರದು.

ಇದು ಬರಿಯ ವಾಗ್ವಾದವಲ್ಲ. ತಟ್ಟೆಯ ಅಂಚು ಕಟ್ಟಕಡೆಯ ಸ್ಥಿರಕಕ್ಷೆಯನ್ನು ಮುಟ್ಟಿದೆಯೆಂದು ಒಪ್ಪಿಯೇ ಕುಳಿಯ ಭ್ರಮಣವನ್ನು ಈ ಮಾರ್ಗದಿಂದ ಗಣಿಸುವರು. ಮುಟ್ಟದಿದ್ದರೆ ಆ ಗಣನೆಯೇ ಕೆಡುವುದು. ಆದುದರಿಂದ ರೇಖೆಯ ಆಕಾರವನ್ನೂ ತಡವನ್ನೂ ಒಂದೇ ಮಾದರಿಯಲ್ಲಿ ಕೂಡಿಸಿ ಪರೀಕ್ಷಿಸುವುದೇ ಯುಕ್ತವಾದ ದಾರಿ.