ಹೆಸರು ಹೇಳದವರ ಕೂಟ ಎಲ್ಲಿದೆ?

ಮದ್ಯವ್ಯಸನ ಕುರಿತ ನಮ್ಮ ಮಾತುಕತೆ ಪ್ರಸಾರವಾದ ಸಂಜೆ ಬಂದ ಫೋನುಗಳಲ್ಲಿ ಒಂದು ಪಿಯುಸಿ ಓದುವ ಹುಡುಗನದು. "ಸಾರ್, ಕುಡಿಯೋದು ಕೆಟ್ಟದ್ದು ಅಂತ ನಮ್ಮಪ್ಪನಿಗೂ ಗೊತ್ತು. ನೀವು ಹೇಳಿದ ಆ ಗುಂಪು ನಮ್ಮ ಕಡೆ ಎಲ್ಲಿದೆ, ಅದನ್ನ ಹೇಳಿ" ಎಂದ. ಅರ್ಧ ಗಂಟೆಯಲ್ಲಿ ಯಕೃತ್ತಿನ ಚಿತ್ರ ತೋರಿಸಿದ್ದೆವು, ತಜ್ಞರನ್ನು ಮಾತನಾಡಿಸಿದ್ದೆವು. ಬೇಕಾದ ಆ ಒಂದು ವಿಷಯವನ್ನೇ ಬಿಟ್ಟಿದ್ದೆವು. ತಪ್ಪು ನಿರ್ಮಾಪಕನಾದ ನನ್ನದೇ. ಅದನ್ನು ಇಲ್ಲಿ ತಿದ್ದಿಕೊಳ್ಳುತ್ತಿದ್ದೇನೆ.

ಅವನು ಕೇಳಿದ್ದು 'ಆಲ್ಕೊಹಾಲಿಕ್ಸ್ ಅನಾನಿಮಸ್', ಚಿಕ್ಕದಾಗಿ ಎ.ಎ., ಎಂಬ ಕೂಟದ ಬಗ್ಗೆ. ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟ ಎಂದು ಅದರ ಅರ್ಥ. ಇದು ಹುಟ್ಟಿದ್ದೇ ಒಂದು ಹುಡುಕಾಟದಿಂದ. 1935ರಲ್ಲಿ ಅಮೆರಿಕದ ಆಕ್ರನ್ ನಗರಕ್ಕೆ ವ್ಯವಹಾರಕ್ಕೆಂದು ಬಂದಿದ್ದ ಬಿಲ್ ವಿಲ್ಸನ್ ಎಂಬಾತ, ಕೆಲಸ ಕೆಟ್ಟು ಹೋಟೆಲಿನಲ್ಲಿ ಒಬ್ಬನೇ ಉಳಿದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಪಕ್ಕದಲ್ಲೇ ಬಾರು. ಹೆದರಿಕೆಯಾಗಿ, ಅಲ್ಲಿದ್ದ ಪಟ್ಟಿ ನೋಡಿ ಊರಿನ ಪಾದ್ರಿಗಳಿಗೆ ಫೋನ್ ಮಾಡಿದ. ಅವನು ಕೇಳಿದ್ದು ಉಪದೇಶವನ್ನಲ್ಲ, ಮಾತನಾಡಲು ತನ್ನಂಥ ಇನ್ನೊಬ್ಬ ಕುಡುಕನನ್ನು! ಹಾಗೆ ಸಿಕ್ಕವರು ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಅವರು ಕೊನೆಯ ಸಲ ಕುಡಿದ ಜೂನ್ 10ನ್ನೇ ಕೂಟ ತನ್ನ ಹುಟ್ಟುಹಬ್ಬವೆಂದು ಎಣಿಸುತ್ತದೆ.

ಈ ಕೂಟದ ವಿಳಾಸ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಬೋರ್ಡು ಇರದು, ಸ್ವಂತ ಕಟ್ಟಡ ಇರದು. ಶಾಲೆಯ ಕೋಣೆ, ಚರ್ಚಿನ ಸಭಾಂಗಣ, ಆಸ್ಪತ್ರೆಯ ಒಂದು ಮೂಲೆ, ಹೀಗೆ ಸಿಕ್ಕಲ್ಲಿ ವಾರಕ್ಕೆ ಒಂದೆರಡು ಸಂಜೆ ಸೇರುತ್ತಾರೆ. ಪತ್ರಿಕೆ, ರೇಡಿಯೋ, ಚಿತ್ರಗಳಲ್ಲಿ ಹೆಸರು ಮುಖ ತೋರಿಸಬಾರದೆಂಬುದು ಅವರ ಸಂಪ್ರದಾಯ. ನಮ್ಮ ಕಾರ್ಯಕ್ರಮಕ್ಕೆ ಬಂದ ಸದಸ್ಯರೊಬ್ಬರು ಕ್ಯಾಮೆರಾಕ್ಕೆ ಬೆನ್ನು ಮಾಡಿಯೇ ಕುಳಿತರು. ಅವರ ಬೆನ್ನಿನ ಮೇಲೆ ಲೈಟು ಹೊಂದಿಸಲು ನಮ್ಮ ಕ್ಯಾಮೆರಾಮನ್ ಪಟ್ಟ ಪಾಡು ಬೇರೆ ಕಥೆ.

ಹಾಗಾದರೆ ಹುಡುಕುವುದು ಹೇಗೆ? ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಹತ್ತಿರದ ಕೂಟ ಯಾವ ದಿನ, ಎಲ್ಲಿ ಎಂಬುದು ಅಲ್ಲಿನವರಿಗೆ ಸಾಮಾನ್ಯವಾಗಿ ತಿಳಿದಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಫೋನಿನಲ್ಲಾದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ ಸಂಖ್ಯೆ 14416, ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಎರಡಕ್ಕೂ ದುಡ್ಡಿಲ್ಲ. ಹಳ್ಳಿಗಳ ಕಡೆ ಇನ್ನೊಂದು ದಾರಿಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ನಡೆಸಿದ ಊರುಗಳಲ್ಲಿ, ಕುಡಿತ ಬಿಟ್ಟವರೇ ಸೇರುವ 'ನವಜೀವನ ಸಮಿತಿ'ಗಳಿವೆ. ಎ.ಎ.ಗಿಂತ ಅದರ ರೀತಿ ಬೇರೆ. ಆದರೆ ಬಿಟ್ಟವನು ಬಿಡುವವನ ಪಕ್ಕ ಕೂರುವುದು ಎರಡರಲ್ಲೂ ಒಂದೇ.

ಕೂಟದಲ್ಲಿ ಶುಲ್ಕವಿಲ್ಲ, ಕೊನೆಗೆ ಇಷ್ಟವಿದ್ದವರು ಕಾಣಿಕೆ ಹಾಕುತ್ತಾರೆ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಕೆಲವು ಸಭೆಗಳು ಸದಸ್ಯರಿಗೆ ಮಾತ್ರ, 'ತೆರೆದ ಸಭೆ'ಗೆ ಮನೆಯವರೂ ಹೋಗಬಹುದು. ಫೋನ್ ಮಾಡುವಾಗ ಇದನ್ನು ಕೇಳಿಕೊಳ್ಳಿ. ದೇವರ ಮಾತು ಬರುತ್ತದಂತಲ್ಲ ಎಂದು ಹಿಂಜರಿಯುವವರಿದ್ದಾರೆ. 'ನಾವು ಅರಿತಂತೆ' ದೇವರು ಎಂಬುದು ಅವರ ನಿಲುವು, ಯಾವ ಮತಕ್ಕೂ ಸೇರಿದ್ದಲ್ಲ. ಇದರಿಂದ ಫಲವುಂಟೇ ಎಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬೇಕು. 27 ಅಧ್ಯಯನಗಳನ್ನು, 10,000ಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿದ 2020ರ ಕಾಕ್ರೇನ್ ವರದಿಯ ಪ್ರಕಾರ, ರೋಗಿಗಳನ್ನು ಎ.ಎ.ಗೆ ಸೇರಿಸುವ ಕ್ರಮಬದ್ಧ ಚಿಕಿತ್ಸೆಯಲ್ಲಿ, ಕುಡಿಯದೇ ಉಳಿದವರ ಪ್ರಮಾಣ ಇತರ ಮಾನ್ಯ ಚಿಕಿತ್ಸೆಗಳಿಗಿಂತ ಹೆಚ್ಚು.

ಇಲ್ಲೊಂದು ಎಚ್ಚರಿಕೆ. ಕೂಟ ಸಿಕ್ಕಿತೆಂದು, ದಿನವೂ ಕುಡಿಯುವವರನ್ನು ಇಂದಿನಿಂದಲೇ ಬಿಡಿಸಲು ಕೋಣೆಯಲ್ಲಿ ಕೂಡಿಹಾಕಬೇಡಿ. ಮದ್ಯ ಮಿದುಳಿನ ಚಟುವಟಿಕೆಯನ್ನು ಅದುಮುತ್ತದೆ. ವರ್ಷಗಟ್ಟಲೆ ಅದುಮಿಸಿಕೊಂಡ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಒತ್ತಿದ ಸ್ಪ್ರಿಂಗಿನಿಂದ ಫಕ್ಕನೆ ಕೈ ತೆಗೆದರೆ ಏನಾಗುತ್ತದೆ? ಕೈನಡುಕ, ಬೆವರು, ನಿದ್ರೆಯಿಲ್ಲದಿರುವುದು, ಕೆಲವರಿಗೆ ಫಿಟ್ಸ್, ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣುವ ಸನ್ನಿ. ಇದರಿಂದ ಪ್ರಾಣ ಹೋಗುವುದೂ ಉಂಟು. ಆದ್ದರಿಂದ ಮೊದಲು ವೈದ್ಯರು, ಜೊತೆಯಲ್ಲೇ ಕೂಟ. 'ಗೊತ್ತಾಗದಂತೆ ಕಾಫಿಯಲ್ಲಿ ಬೆರೆಸಿ' ಎಂಬ ಜಾಹೀರಾತಿನ ಪುಡಿಗಳಂತೂ ಬೇಡವೇ ಬೇಡ. ಅದರಲ್ಲಿ ಏನಿದೆಯೆಂದು ಕೊಟ್ಟವರಿಗೂ ತಿಳಿಯದು. ವೈದ್ಯರೇ ಕೊಡುವ ಡೈಸಲ್ಫಿರಾಂ ಮಾತ್ರೆ ಕೂಡ, ತಿಳಿಯದೆ ನುಂಗಿದವನು ಮೇಲೆ ಕುಡಿದರೆ ಅಪಾಯ ತರುತ್ತದೆ.

ಅಪ್ಪ ಬರುವುದೇ ಇಲ್ಲವೆಂದರೆ? ನೀವು ಕಾಯಬೇಕಾಗಿಲ್ಲ. ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಕೂಟವೂ, ಕುಡಿಯುವವರ ಹದಿಹರೆಯದ ಮಕ್ಕಳಿಗಾಗಿ 1957ರಲ್ಲಿ ಅಲಟೀನ್ ಎಂಬುದೂ ಆರಂಭವಾದವು. ಎಲ್ಲ ಊರುಗಳಲ್ಲೂ ಇಲ್ಲ, ವಿಚಾರಿಸಬೇಕು. ಅಪ್ಪನ ಕುಡಿತಕ್ಕೆ ಮಕ್ಕಳು ಕಾರಣರಲ್ಲ. ಅವರ ಸಾಲ ಮುಚ್ಚಿಡುವುದು, ಆಫೀಸಿಗೆ 'ಜ್ವರ' ಎಂದು ಸುಳ್ಳು ಹೇಳುವುದು ಮಕ್ಕಳ ಕೆಲಸವೂ ಅಲ್ಲ ಎಂಬುದನ್ನು ಅಲ್ಲಿ ಕಲಿಯುತ್ತಾರೆ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಾತ್ರ ಕೂಟದ ದಿನಕ್ಕೆ ಕಾಯದೆ 1098ಕ್ಕೆ ಫೋನ್ ಮಾಡಿ.

ಆ ಹುಡುಗನ ತಾಲ್ಲೂಕಿನಲ್ಲಿ ಕೂಟವಿರಲಿಲ್ಲ. ಜಿಲ್ಲಾ ಕೇಂದ್ರದಲ್ಲಿ ಭಾನುವಾರ ಸಂಜೆ ತೆರೆದ ಸಭೆಯಿದೆ ಎಂದು ತಿಳಿಯಿತು. ಬಸ್ಸಿನಲ್ಲಿ ಒಂದೂವರೆ ಗಂಟೆ. ಮೊದಲ ವಾರ ತಾಯಿ, ಮಗ ಇಬ್ಬರೇ ಹೋಗಿಬಂದಿದ್ದಾರೆ.