ಕೋವಿಡ್ ಲಸಿಕೆಯಿಂದ ಹೃದಯಕ್ಕೆ ಅಪಾಯವೇ?

ಪ್ರಶ್ನೆ: 2021ರಲ್ಲಿ ಕೋವಿಶೀಲ್ಡ್‌ನ ಎರಡೂ ಡೋಸ್ ಹಾಕಿಸಿಕೊಂಡೆ. ಹಾಸನದಲ್ಲಿ ಹೃದಯಾಘಾತದಿಂದಾದ ಹಠಾತ್ ಸಾವುಗಳ ಸುದ್ದಿ ಕೇಳಿದಾಗಿನಿಂದ ಭಯವಾಗಿದೆ. ನನ್ನ ಹೃದಯಕ್ಕೂ ತೊಂದರೆಯಾಗಬಹುದೇ?
– ಓದುಗರೊಬ್ಬರು, ಬನಶಂಕರಿ

ಉತ್ತರ: ನಿಮ್ಮ ಆತಂಕ ಸಹಜ. 2025ರ ಜುಲೈನಲ್ಲಿ ಕರ್ನಾಟಕದ ಮುಖ್ಯಮಂತ್ರಿಯವರೇ ಈ ಸಾವುಗಳ ವಿಚಾರದಲ್ಲಿ ಲಸಿಕೆಯ ಮೇಲೆ ಅನುಮಾನ ವ್ಯಕ್ತಪಡಿಸಿದ್ದರು. ನಿಮಗೆ ಹತ್ತಿರದ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಆದರೆ ಆ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಗೆ ಲಸಿಕೆಗೂ ಹಠಾತ್ ಹೃದಯಾಘಾತಕ್ಕೂ ನಂಟು ಕಾಣಲಿಲ್ಲ.

ಇದಕ್ಕೂ ಮೊದಲು, 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 47 ಆಸ್ಪತ್ರೆಗಳ ಮೂಲಕ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿತು. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಕಂಡವರು, ಮಿತಿಮೀರಿ ಕುಡಿದವರು ಹೆಚ್ಚು ಅಪಾಯದಲ್ಲಿದ್ದರು.

ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದು ನಿಜ. ಅದು ಸಾಮಾನ್ಯವಾಗಿ ಡೋಸ್ ಪಡೆದ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷಗಳ ನಂತರ ಅದಕ್ಕೆ ಹೆದರಬೇಕಿಲ್ಲ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ, ಸಿಗರೇಟು ಬಿಡಿ. ಎದೆನೋವು, ಉಸಿರಾಟದ ತೊಂದರೆ, ತಣ್ಣನೆ ಬೆವರು ಕಾಣಿಸಿದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ.